ಕತ್ತು ತಿರುಗಿಸಿದರೆ ಸಾಕು

ನಮ್ಮ ಮನೆಯವರು ಈಗ ಕೀಗೊಂಚಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನೋಡಿದವರಿಗೆ ನಗು. "ಏನ್ ಮೇಷ್ಟ್ರೇ, ಕೀಗೂ ನೆಗಡಿನಾ?" ಎಂದು ಡ್ರೈವಿಂಗ್ ಸ್ಕೂಲಿನ ಪಕ್ಕದ ಪಂಕ್ಚರ್ ಅಂಗಡಿಯವನು ದಿನಾ ಕೇಳುತ್ತಾನೆ. ಇವರು ಉತ್ತರ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಹೇಳುತ್ತೇನೆ. ಮುಚ್ಚುಮರೆ ಮಾಡಿ ಮಾಡಿ ನನಗೆ ಸಾಕಾಗಿದೆ.

ಮೂವತ್ತೆಂಟು ವರ್ಷದಿಂದ ಇವರದು ಒಂದೇ ಕಸುಬು, ಕಂಡವರಿಗೆಲ್ಲ ಕಾರು ಓಡಿಸಲು ಕಲಿಸುವುದು. ಜನ ಇಟ್ಟ ಹೆಸರು ಕ್ಲಚ್ ಮೇಷ್ಟ್ರು. ಕಂಡವರಿಗೆಲ್ಲ ಎಂದೆ, ಕಟ್ಟಿಕೊಂಡವಳೊಬ್ಬಳನ್ನು ಬಿಟ್ಟು. ನಾನು ಕೇಳಿದಾಗಲೆಲ್ಲ "ನಿನ್ನ ಬಾಯಿ ಓಡುತ್ತಲ್ಲ, ಅಷ್ಟು ಸ್ಪೀಡು ಸಾಕು" ಎನ್ನುತ್ತಿದ್ದರು. ಕಲಿಸುವಾಗ ಪಕ್ಕದ ಸೀಟಿನಲ್ಲಿ ಕೂರುತ್ತಾರೆ, ಕಾಲಡಿಯಲ್ಲಿ ತಮ್ಮದೇ ಇನ್ನೊಂದು ಬ್ರೇಕು, ಕೈಯಲ್ಲಿ ಆಫೀಸಿನ ಕೀಗೊಂಚಲು. ಅದರಿಂದ ಡ್ಯಾಶ್‌ಬೋರ್ಡಿನ ಮೇಲೆ ಒಮ್ಮೆ ಟಕ್ ಎಂದರೆ ಕನ್ನಡಿ ನೋಡಬೇಕು, ಎರಡು ಸಲ ಎಂದರೆ ನಿಧಾನ ಮಾಡಬೇಕು. ಬಾಯಿಬಿಟ್ಟು ಕೂಗಿದರೆ ಕಲಿಯುವವರ ಕೈಕಾಲು ನಡುಗುತ್ತದೆ, ಟಕ್ ಎಂದರೆ ನಡುಗುವುದಿಲ್ಲ ಎಂಬುದು ಇವರ ವಾದ.

ಇವರ ಹತ್ತಿರ ಕಲಿತವರು ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗುವುದು ಅಪರೂಪ. ಗುಟ್ಟು ಏನು ಎಂದು ಕೇಳಿದರೆ ಎದೆಯುಬ್ಬಿಸಿ ಹೇಳುವರು: "ಕನ್ನಡೀಲಿ ಏನ್ ಕಾಣಿಸ್ತು ಅಂತ ಇನ್‌ಸ್ಪೆಕ್ಟ್ರು ಕೇಳಲ್ಲ ಕಣ್ರೀ. ಕತ್ತು ತಿರುಗ್ತೋ ಇಲ್ವೋ, ಅಷ್ಟೇ ಅವರು ನೋಡೋದು. ಕತ್ತು ತಿರುಗ್ಸಿ, ಸಾಕು." ಈ ಮಾತಿಗೆ ನಾನೂ ಎಷ್ಟು ಸಲ ನಕ್ಕಿದ್ದೇನೋ.

ನಮಗೆ ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಬಂದವರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಅಳಿಯನ ಕೆಲಸ ಬೇರೆ ಊರಿನಲ್ಲಿ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಹಾಗಾಗಿ ಮಗಳೂ ಮೊಮ್ಮಗಳು ಪುಟ್ಟಿಯೂ ನಮ್ಮ ಜೊತೆಗೇ ಇದ್ದಾರೆ. ಪುಟ್ಟಿಗೆ ಎರಡೂವರೆ ತುಂಬುವಷ್ಟರಲ್ಲಿ ಮಗಳಿಗೆ ಅನುಮಾನ ಶುರುವಾಗಿತ್ತು. ಹೆಸರು ಹಿಡಿದು ಎಷ್ಟು ಕರೆದರೂ ಮಗು ತಿರುಗುತ್ತಿರಲಿಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಹರಿದರೆ ಓಡಿ ಬರುತ್ತಿತ್ತು. ಬಟ್ಟೆಯ ಕ್ಲಿಪ್ಪುಗಳನ್ನು ಗೋಡೆಯುದ್ದಕ್ಕೂ ಸಾಲಾಗಿಡುತ್ತಿತ್ತು, ಒಂದು ಸರಿದರೂ ಮನೆ ಮುರಿಯುವ ಹಾಗೆ ಅಳು. ಬೇಕಾದದ್ದನ್ನು ಕೇಳುತ್ತಿರಲಿಲ್ಲ, ತಾತನ ಮಾತನ್ನು ಮಾತ್ರ ಗಿಳಿಯಂತೆ ಒಪ್ಪಿಸುತ್ತಿತ್ತು: "ಬೆಲ್ಟ್ ಹಾಕ್ಕೊಳ್ಳಿ. ಕನ್ನಡಿ ನೋಡಿ."

"ಅಮ್ಮಾ, ನಾನು ದಿನಕ್ಕೆ ನಲವತ್ತು ಜೊತೆ ಕಣ್ಣು ನೋಡ್ತೀನಿ. ನನ್ ಮಗಳು ನನ್ನ ಕಣ್ಣು ನೋಡಲ್ಲ" ಎಂದಳು ಒಂದು ದಿನ, ಪಾತ್ರೆ ಒರೆಸುತ್ತಾ.

ಇವರು ಹಾರಿಬಿದ್ದರು. "ಮಕ್ಕಳು ಒಬ್ಬೊಬ್ರು ಒಂದೊಂದು ಥರ. ಈಗ ಏನು, ಅದರ ಕತ್ತಿಗೊಂದು ಬೋರ್ಡ್ ನೇತು ಹಾಕ್ಬೇಕಾ? ಎಲ್ ಬೋರ್ಡ್ ಇರೋ ಕಾರು ಕಂಡ್ರೆ ಹಿಂದಿನೋರೆಲ್ಲ ಹಾರ್ನ್ ಹೊಡೀತಾರೆ. ಜೀವನ ಪೂರ್ತಿ ನೋಡಿದೀನಿ ನಾನು."

ಮಗಳು ಜಗ್ಗಲಿಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಹೆಸರು ಬರೆಸಿದಳು. ಐದು ತಿಂಗಳು ಕಾದ ಮೇಲೆ ತಾರೀಕು ಸಿಕ್ಕಿತು, ಅದಕ್ಕೂ ಮೊದಲು ತುಂಬಿಸಿ ತರಬೇಕೆಂದು ಒಂದು ಪ್ರಶ್ನೆಪಟ್ಟಿ ಮನೆಗೆ ಬಂತು. ಕರೆದರೆ ತಿರುಗುತ್ತದೆಯೇ? ಮುಖ ನೋಡಿ ನಗುತ್ತದೆಯೇ? ಟಾಟಾ ಮಾಡುತ್ತದೆಯೇ? ಗೊಂಬೆಗೆ ಊಟ ಮಾಡಿಸುವ ಆಟ ಆಡುತ್ತದೆಯೇ? ಮಗಳು ಒಂದೊಂದಕ್ಕೂ ಇಲ್ಲ, ಇಲ್ಲ ಎಂದು ಬರೆಯುತ್ತಾ ಅತ್ತಳು. ಅವಳು ಕೆಲಸಕ್ಕೆ ಹೋದ ಮೇಲೆ ಇವರು ಆ ಕಾಗದ ಎತ್ತಿಕೊಂಡು ಕನ್ನಡಕ ಏರಿಸಿದರು. ಇವರ ಮುಖ ಅರಳಿತು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಹುಡುಗನ ಮುಖ ಹೇಗಿರುತ್ತದೋ ಹಾಗಿತ್ತು.

"ನಾಲ್ಕೇ ಐಟಂ ಕಣೇ! ಆರು ವಾರ ಇದೆ. ಎಂಥೆಂಥೋರನ್ನ ಪಾಸ್ ಮಾಡ್ಸಿದೀನಿ, ಇವಳು ಯಾವ ಲೆಕ್ಕ?"

ಮಾರನೆಯ ದಿನದಿಂದಲೇ ಅಡುಗೆಮನೆಯಲ್ಲಿ ಪಾಠ. ಕೀಯಿಂದ ಕುರ್ಚಿಯ ಅಂಚಿಗೆ ಒಂದು ಟಕ್ ಎಂದರೆ ಮುಖ ಎತ್ತಿ ಎದುರಿನವರ ಹುಬ್ಬು ನೋಡಿ ನಗಬೇಕು. ಕಣ್ಣು ನೋಡುವುದು ಅವಳಿಗೆ ಆಗುತ್ತಿರಲಿಲ್ಲ, ಅದಕ್ಕೆ ಹುಬ್ಬು. ಎರಡು ಎಂದರೆ ಟಾಟಾ. ಮೂರು ಎಂದರೆ ಗೊಂಬೆಗೆ ಚಮಚ. ಸರಿಯಾಗಿ ಮಾಡಿದರೆ ಅರ್ಧ ದ್ರಾಕ್ಷಿ. ಆ ದ್ರಾಕ್ಷಿಯನ್ನು ಸಣ್ಣ ಚಾಕುವಿನಿಂದ ಅರ್ಧ ಮಾಡಿ ತಟ್ಟೆಯಲ್ಲಿ ಜೋಡಿಸಿ ಕೊಡುತ್ತಿದ್ದವಳು ನಾನು. "ಮಗಳಿಗೆ ಹೇಳೋಣ ಕಣ್ರೀ" ಎಂದು ಒಂದು ಸಲ ಅಂದೆ. "ಹೇಳಿದ್ರೆ ಅವಳು ಡಾಕ್ಟ್ರ ಮುಂದೆ ಒದರ್ತಾಳೆ, ಸುಮ್ನಿರು" ಎಂದರು. ಸುಮ್ಮನಿದ್ದೆ. ಸ್ಪೀಡಿನ ಬಾಯಿ ನನ್ನದು, ಬೇಕಾದಾಗಲೇ ಬೀಗ ಬಿತ್ತು.

ಇವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ಆ ಹೆದರಿಕೆಗೆ ಇವರಿಗೆ ಗೊತ್ತಿದ್ದ ಮದ್ದು ಒಂದೇ, ಪರೀಕ್ಷೆ ಪಾಸು ಮಾಡಿಸುವುದು. ಪುಟ್ಟಿಯೂ ಚುರುಕು. ಮೂರನೆಯ ವಾರಕ್ಕೆಲ್ಲ ತಪ್ಪಿಲ್ಲದೆ ಮಾಡುತ್ತಿದ್ದಳು.

ಆಸ್ಪತ್ರೆಯಲ್ಲಿ ಅವತ್ತು ಜನವೋ ಜನ. ಡಾಕ್ಟರಿಗೆ ಪುರುಸೊತ್ತಿರಲಿಲ್ಲ, ಇಪ್ಪತ್ತು ನಿಮಿಷ ನೋಡಿದರು. ಡಾಕ್ಟರು ಕರೆದ ಕೂಡಲೇ ಇವರ ಕುರ್ಚಿಯ ಅಂಚಿಗೆ ಮೆಲ್ಲಗೆ ಟಕ್. ಪುಟ್ಟಿ ಮುಖವೆತ್ತಿ ನಕ್ಕಳು. ಮಗಳು ಬೆರಗಾಗಿ ಬಾಯಿ ತೆರೆದಳು. "ಮನೇಲಿ ಹೀಗೆ ಮಾಡಲ್ಲ ಡಾಕ್ಟ್ರೇ, ಒಂದು ಸಲಾನೂ ಮಾಡಿಲ್ಲ" ಎಂದಳು. "ಮೊದಲನೇ ಮಗು ನೋಡಿ, ತಾಯಿಗೆ ಗಾಬರಿ" ಎಂದರು ಇವರು, ನಯವಾಗಿ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಬರೆದರು. ಈಗ ಖಚಿತವಾಗಿ ಹೇಳಲಾಗದು, ಆರು ತಿಂಗಳು ಬಿಟ್ಟು ಕರೆತನ್ನಿ ಎಂದು ಅದರ ಅರ್ಥ. ಆರು ತಿಂಗಳಾದಾಗ ಮಗಳು ಹೊರಟಳು. "ಪಾಸಾದೋರು ಯಾರಾದ್ರೂ ಮತ್ತೆ ಪರೀಕ್ಷೆಗೆ ಹೋಗ್ತಾರೇನಮ್ಮ?" ಎಂದು ಇವರೇ ತಡೆದರು. ತಡೆಯುವುದು ಸುಲಭವಾಗಿತ್ತು, ಅವಳಿಗೆ ಆಗಲೇ ತನ್ನ ಮೇಲೆ ನಂಬಿಕೆ ಹೋಗಿತ್ತು.

ಆಮೇಲೆ ಎರಡು ವರ್ಷ ಮನೆ ಮನೆಯಾಗಿರಲಿಲ್ಲ. ಮಗುವಿಗೆ ಆಗುವುದಿಲ್ಲ ಎಂದು ಮಗಳು ಮೊದಲು ನಂಬಿದ್ದಳು, ಈಗ ಬೇಕೆಂದೇ ಮಾಡುವುದಿಲ್ಲ ಎಂದು ನಂಬಿದಳು. "ಆ ಡಾಕ್ಟ್ರ ಮುಂದೆ ನಕ್ಕೆ, ನನ್ ಮುಂದೆ ಯಾಕೆ ನಗಲ್ಲ? ನಾನೇನ್ ಮಾಡಿದೀನಿ ನಿನಗೆ?" ಎಂದು ಪುಟ್ಟಿಯ ಗಲ್ಲ ಹಿಡಿದು ಕೇಳುವಳು. ಪುಟ್ಟಿ ಮುಖ ತಿರುಗಿಸಿ ಕಿರುಚುವಳು. ಒಂದು ಭಾನುವಾರ ಬೆಳಿಗ್ಗೆ, ಹಾಲಿನ ಲೋಟ ಮೂರನೇ ಸಲ ನೆಲಕ್ಕೆ ಬಿದ್ದಾಗ, ಮಗಳು ಕೈ ಎತ್ತಿಬಿಟ್ಟಳು. ಕೆನ್ನೆಗೆ ಒಂದು, ಬೆನ್ನಿಗೆ ಎರಡು. ಹೊಡೆದ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಅವಳು ಅಳುತ್ತಾ ನಿಂತಳು. ಆಗಲಾದರೂ ನಾವು ಬಾಯಿಬಿಡಬಹುದಿತ್ತು. ಇವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನಾನು ನೆಲ ಒರೆಸಿದೆ.

ಪುಟ್ಟಿಗೆ ಐದಾದಾಗ ಶಾಲೆಯ ಟೀಚರು ಮಗಳನ್ನು ಕರೆಸಿದರು. ಗಂಟೆ ಹೊಡೆದರೆ ಮಗು ಕಿವಿ ಮುಚ್ಚಿ ಮೇಜಿನ ಕೆಳಗೆ ಸೇರುತ್ತದೆ, ಹೊಟ್ಟೆ ನೋವು ಬಂದರೂ ಹೇಳಲು ಬರುವುದಿಲ್ಲ. "ಜೊತೆಗೆ ಒಬ್ಬ ಸಹಾಯಕಿಯನ್ನ ಕೊಡ್ತೀವಿ. ಆದ್ರೆ ಡಾಕ್ಟ್ರ ಕಾಗದ ಇಲ್ದೆ ನಮಗೆ ಕೊಡೋಕಾಗಲ್ಲ. ಮುಂದಿನ ತಿಂಗಳೊಳಗೆ ಬೇಕು, ಇಲ್ದಿದ್ರೆ ಇಟ್ಕೊಳ್ಳೋದು ಕಷ್ಟ" ಎಂದರಂತೆ. ಮತ್ತೆ ಆಸ್ಪತ್ರೆ. ಈ ಸಲ ಬೇರೆ ಡಾಕ್ಟರು, ವಯಸ್ಸಾದ ಹೆಂಗಸು. ಇವರು ಕೀಗೊಂಚಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ನನಗೆ ಅಷ್ಟಕ್ಕೇ ಸಮಾಧಾನವಾಗಿತ್ತು. ಎಂಥ ದಡ್ಡಿ ನಾನು!

ಡಾಕ್ಟರಮ್ಮ ಬರೆಯುತ್ತಾ ಬರೆಯುತ್ತಾ ಪೆನ್ನನ್ನು ಮೇಜಿಗೆ ಟಕ್ ಎಂದು ಬಡಿದರು. ಮೂಲೆಯಲ್ಲಿ ಆಟದ ಕಾರಿನ ಚಕ್ರ ತಿರುಗಿಸುತ್ತಿದ್ದ ಪುಟ್ಟಿ ಚಕ್ಕನೆ ಮುಖವೆತ್ತಿ, ಅವರ ಹುಬ್ಬು ನೋಡಿ ನಕ್ಕಳು. "ಅರೆ, ಎಷ್ಟು ಚೆನ್ನಾಗಿ ನಗ್ತೀಯಾ ಪುಟ್ಟಾ!" ಎಂದು ಡಾಕ್ಟರಮ್ಮ ಹಿಗ್ಗಿ ಏನೋ ಬರೆದುಕೊಂಡರು. ಮತ್ತೆ ಟಕ್ ಟಕ್. ಪುಟ್ಟಿ ಕೈಯೆತ್ತಿ ಟಾಟಾ ಮಾಡಿದಳು. ಯಾರೂ ಹೊರಟಿರಲಿಲ್ಲ.

ಮಗಳು ಕುರ್ಚಿಯಲ್ಲಿ ಕುಸಿದಳು. "ನೋಡಿ, ಇಲ್ಲಿ ಬಂದ್ರೆ ಹೀಗೆ ಮಾಡ್ತಾಳೆ. ನನ್ನಲ್ಲೇ ಏನೋ ದೋಷ ಇದೆ ಡಾಕ್ಟ್ರೇ" ಎಂದಳು.

ನಾನು ಇವರ ಕಡೆ ನೋಡಿದೆ. ಹಣೆಯ ಮೇಲೆ ಬೆವರು. ಬಾಯಿಬಿಟ್ಟರೆ ಮಗಳು ಹೋದಳು, ಬಿಡದಿದ್ದರೆ ಮೊಮ್ಮಗಳ ಕಾಗದ ಹೋಯಿತು. ಇವರು ಎದ್ದು ನಿಂತರು.

"ಅದೆಲ್ಲ ನಾನು ಕಲಿಸಿದ್ದು ಡಾಕ್ಟ್ರೇ."

"ಏನು ಕಲಿಸಿದ್ದು ತಾತ?" ಎಂದರು ಡಾಕ್ಟರಮ್ಮ.

ಇವರು ಬಾಯಲ್ಲಿ ಹೇಳಲಾರದೆ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಮೂರು ಸಲ ಬಡಿದರು. ಪುಟ್ಟಿ ಎದ್ದು ಆಟದ ಬುಟ್ಟಿಯಿಂದ ಗೊಂಬೆ ಎಳೆದಳು. ಅದು ತಲೆಕೆಳಗಾಗಿತ್ತು. ಬುಟ್ಟಿಯಲ್ಲಿದ್ದ ಆಟದ ಚಮಚವನ್ನು ಗೊಂಬೆಯ ಪಾದಕ್ಕೆ ಇಟ್ಟು, ತೆಗೆದು, ಇವರ ಮುಂದೆ ಬಂದು ದ್ರಾಕ್ಷಿಗಾಗಿ ಅಂಗೈ ಚಾಚಿದಳು.

ಇವರು ಎಲ್ಲವನ್ನೂ ಹೇಳಿದರು: ಪ್ರಶ್ನೆಪಟ್ಟಿ, ಆರು ವಾರ, ಹುಬ್ಬು. ಡಾಕ್ಟರಮ್ಮ ತಾವು ಬರೆದಿದ್ದ ಹಾಳೆಯನ್ನು ಹರಿದು ಹೊಸದು ತೆಗೆದರು. ನಮ್ಮಿಬ್ಬರನ್ನು ಹೊರಗೆ ಕೂರಿಸಿ ಒಂದೂವರೆ ಗಂಟೆ ಪುಟ್ಟಿಯ ಜೊತೆ ನೆಲದ ಮೇಲೆ ಕೂತರು. ಇನ್ನೂ ಎರಡು ಸಲ ಕರೆಸಿದರು. ಕೊನೆಗೆ ಕಾಗದ ಸಿಕ್ಕಿತು: ಆಟಿಸಂ. ಮಾತಿನ ಥೆರಪಿ ವಾರಕ್ಕೆ ಎರಡು ದಿನ, ಶಾಲೆಗೆ ಸಹಾಯಕಿ.

"ಎರಡು ವರ್ಷ ತಡ ಆಯ್ತಲ್ಲಾ ಡಾಕ್ಟ್ರೇ, ಇನ್ನು ಏನೂ ಆಗಲ್ವಾ?" ಎಂದು ಇವರು ಕೇಳಿದರು.

"ಯಾಕಾಗಲ್ಲ? ಕಲೀತಾಳೆ. ಅವಳಿಗೆ ಬೇಕಾದ್ದನ್ನ ಕೇಳೋಕೆ ಮೊದಲು ಕಲಿಸೋಣ, ನಮಗೆ ಬೇಕಾದ್ದನ್ನ ತೋರಿಸೋಕಲ್ಲ" ಎಂದರು ಡಾಕ್ಟರಮ್ಮ. "ಆ ಎರಡು ವರ್ಷಾನ ಮಾತ್ರ ನಾನು ವಾಪಸ್ ಕೊಡೋಕಾಗಲ್ಲ" ಎಂದೂ ಹೇಳಿದರು.

ಇವರು ಸತ್ಯ ಹೇಳಿದ ದಿನ ಮಗಳು ದಾರಿಯುದ್ದಕ್ಕೂ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಪುಟ್ಟಿಯ ಚಪ್ಪಲಿ ಬಿಚ್ಚಿದಳು, ಹಾಲು ಕೊಟ್ಟಳು, ಕ್ಲಿಪ್ಪಿನ ಡಬ್ಬ ಮುಂದಿಟ್ಟಳು. ಇವರು ಬಾಗಿಲ ಹತ್ತಿರವೇ ನಿಂತಿದ್ದರು.

"ಬೋರ್ಡ್ ಹಾಕಿದ್ರೆ ಎಲ್ರೂ ಹಾರ್ನ್ ಹೊಡೀತಾರೆ ಅಂತ ಹೆದರಿದೆ ಕಣಮ್ಮ" ಎಂದರು.

"ಬೋರ್ಡ್ ಇರೋ ಕಾರಲ್ಲಿ ಇನ್ನೊಂದು ಬ್ರೇಕ್ ಇರುತ್ತೆ ಅಪ್ಪ. ಪಕ್ಕದಲ್ಲಿ ಒಬ್ರು ಕೂತಿರ್ತಾರೆ. ಅದು ನಿನಗೆ ಗೊತ್ತಿರ್ಲಿಲ್ವಾ?"

ಮಗಳು ಪುಟ್ಟಿಯ ಬೆನ್ನನ್ನು ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, ಸಿಟ್ಟೇ ಇಲ್ಲದ ದನಿಯಲ್ಲಿ ಕೇಳಿದಳು:

"ಅವತ್ತು ನಾನು ಇವಳಿಗೆ ಹೊಡೆದಾಗ ನೀನು ಇಲ್ಲೇ ಕೂತಿದ್ದೆ ಅಲ್ವಾ ಅಪ್ಪ? ಪೇಪರ್ ಓದ್ತಾ?"

"ಕೂತಿದ್ದೆ" ಎಂದರು ಇವರು.

ನನ್ನನ್ನು ಯಾರೂ ಕೇಳಿರಲಿಲ್ಲ. "ನಾನೂ ಇದ್ದೆ ಮಗಳೇ" ಎಂದೆ. "ನೆಲ ಒರೆಸ್ತಿದ್ದೆ."