ಚಾಚಾ ಹಲ್ಲಿಗಿಟ್ಟ ಕೆಸರು

ಕಡಲೆಕಾಳಿನಷ್ಟು ಕೆಸರನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಚಾಚಾ ಮೆಲ್ಲಗೆ ಕಡಿಯುತ್ತಿದ್ದರು. ಆಮೇಲೆ ಉಗಿದು, ಮೂರು ಸಲ ಬಾಯಿ ಮುಕ್ಕಳಿಸಿ, ಬಿಳಿ ಗಡ್ಡ ಒರೆಸಿಕೊಂಡು ತೀರ್ಪು ಕೊಡುತ್ತಿದ್ದರು. ಕರಕರ ಎಂದರೆ ಮರಳು, ಬೆಣ್ಣೆಯಂತೆ ಜಾರಿದರೆ ಜೇಡಿ. ನಾವು ಅರ್ಧ ದಿನ ಜರಡಿ ಹಿಡಿದು ಕಂಡುಕೊಳ್ಳುತ್ತಿದ್ದುದು ಅವರಿಗೆ ಒಂದು ನಿಮಿಷದ ಕೆಲಸ.

ಕಂಟೋನ್ಮೆಂಟ್ ಕಡೆಯ ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಅವರು ಅಟೆಂಡರ್. ಶಿವಾಜಿನಗರದ ಮನೆಯಿಂದ ನಡೆದೇ ಬರುತ್ತಿದ್ದರು. ಪ್ರೊಫೆಸರರಿಂದ ಹಿಡಿದು ಎಲ್ಲರಿಗೂ ಚಾಚಾ. ನನ್ನ ಪಿಎಚ್‌ಡಿ ವಿಷಯ ಕೇಳಿ ಮೊದಲ ದಿನವೇ, ಕಡಲಿಲ್ಲದ ಊರಲ್ಲಿ ಕೂತು ಸುನಾಮಿ ಓದುತ್ತೀಯಾ ಎಂದು ನಕ್ಕಿದ್ದರು.

ಸುನಾಮಿ ಅಲೆ ಕಡಲ ಮರಳನ್ನು ಒಳನಾಡಿಗೆ ಹೊತ್ತು ತರುತ್ತದೆ. ನೀರು ನಿಂತಾಗ ದಪ್ಪ ಮರಳು ಮೊದಲು ತಳಕ್ಕೆ ಕೂರುತ್ತದೆ, ನುಣ್ಣನೆಯ ಕೆಸರು ಎಲ್ಲಕ್ಕಿಂತ ಕೊನೆಗೆ. ಆ ಪದರ ನೆಲದಡಿ ನೂರಾರು ವರ್ಷ ಹಾಗೇ ಉಳಿಯಬಹುದು. ತಮಿಳುನಾಡಿನ ಕರಾವಳಿಯಲ್ಲಿ ಅಂಥ ಹಳೆಯ ಪದರ ಹುಡುಕುವುದು ನನ್ನ ಕೆಲಸ. ಒಂದು ಹಿನ್ನೀರಿನ ದಡದಲ್ಲಿ ನೆಲಕ್ಕೆ ಕೊಳವೆ ಇಳಿಸಿ, ಒಳಗಿನ ಮಣ್ಣಿನ ಸಮೇತ ಅದನ್ನು ಮೂರು ತುಂಡು ಮಾಡಿ ತಂದೆ. ನಡುವಿನ ತುಂಡಿನಲ್ಲಿ ಮರಳಿನ ಪದರವಿತ್ತು. ಅದು ಅಲೆ ತಂದದ್ದೋ ಅಲ್ಲವೋ ಎಂಬುದರ ಮೇಲೆ ನನ್ನ ಮೂರು ವರ್ಷದ ದುಡಿಮೆ ನಿಂತಿತ್ತು.

ಆಗ ರಂಜಾನ್ ತಿಂಗಳು. ಒಮ್ಮೆ ನೋಡಿ ಎಂದು ತುಂಡನ್ನು ಚಾಚಾರ ಮುಂದಿಟ್ಟೆ.

"ರೋಜಾ ಇದೆ ಬೇಟಾ, ಬಾಯಿಗೆ ಹಾಕಕ್ಕಾಗಲ್ಲ. ಈದ್ ಆಗ್ಲಿ, ನೋಡ್ತೀನಿ," ಎಂದರು.

ಸಂಜೆ ಉಪವಾಸ ಬಿಟ್ಟ ಮೇಲೆ ಮನೆಯಲ್ಲಿ ನೋಡಬಹುದಲ್ಲ ಎಂದೆ. ಲ್ಯಾಬಿನ ಮಣ್ಣು ಲ್ಯಾಬಿನಲ್ಲೇ ಇರಬೇಕು ಎಂದರು. ಈದ್‌ಗೆ ಇನ್ನು ಹನ್ನೊಂದು ದಿನ. ನನಗೆ ತಾಳ್ಮೆಯಿರಲಿಲ್ಲ. ಮುದುಕರ ಹಲ್ಲಿಗಾಗಿ ವಿಜ್ಞಾನ ಕಾಯಬೇಕೇ ಎಂಬ ಪೊಗರೂ ಇತ್ತು. ನಾನೇ ಜರಡಿ ಹಿಡಿದೆ. ನುಣ್ಣನೆಯದು ಕೆಳಗೆ, ದಪ್ಪ ಮರಳು ಮೇಲೆ. ಎಲ್ಲ ಉಲ್ಟಾ. ಇದು ಅಲೆಯ ಕೆಲಸವಲ್ಲ, ಹಿಂದೆಂದೂ ಕಡಲು ಇಲ್ಲಿಗೆ ನುಗ್ಗಿಲ್ಲ ಎಂದು ಅಧ್ಯಾಯ ಬರೆದು ಪ್ರೊಫೆಸರರ ಮೇಜಿನ ಮೇಲಿಟ್ಟೆ.

ಈದ್ ಮುಗಿಸಿ ಚಾಚಾ ಡಬ್ಬಿಯಲ್ಲಿ ಶೀರ್‌ಖುರ್ಮಾ ತಂದರು. ನಾನದನ್ನು ತಿನ್ನುತ್ತಿರುವಾಗ ಅವರು ನನ್ನ ತುಂಡಿನ ಕೆಳತುದಿಯ ಕೆಸರನ್ನು ಹಲ್ಲಿಗಿಟ್ಟರು.

"ಇದು ಕೊನೇಲಿ ಕೂತಿರೋ ಕೆಸರು. ಮೇಲಿರ್ಬೇಕು. ತಲೆಕೆಳಗೆ ಮಲಗ್ಸಿದ್ದೀಯ."

ಜರಡಿ ಹಿಡಿದು ನೋಡಿದ್ದೇನೆ ಎಂದು ರೇಗಿದೆ. ಅವರು ವಾದಕ್ಕಿಳಿಯಲಿಲ್ಲ. ಮಣ್ಣಿನಲ್ಲಿದ್ದ ಜೊಂಡಿನ ಬೇರೊಂದನ್ನು ಚಿಮಟದ ತುದಿಯಿಂದ ತೋರಿಸಿದರು. ಬೇರು ನಾನು ಮೇಲೆಂದುಕೊಂಡ ಕಡೆಗೆ ಸಣ್ಣಗಾಗುತ್ತ, ಕವಲೊಡೆಯುತ್ತ ಹೋಗಿತ್ತು. ಆಕಾಶಕ್ಕೆ ಬೇರು ಬಿಡುವ ಜೊಂಡು ಎಲ್ಲಿಯೂ ಇಲ್ಲ.

ಆಮೇಲೆ ಗುಟ್ಟು ತಿಳಿಯಿತು. ಮೊದಲ ತುಂಡಿನ ಮೇಲ್ತುದಿಗೆ ನಾನು "ಮೇ" ಎಂದು ಬರೆದಿದ್ದೆ, ಮೇಲೆ ಎಂಬ ಅರ್ಥದಲ್ಲಿ. ನಾವು ಹೋಗಿದ್ದು ಮೇ ತಿಂಗಳಲ್ಲಿ. ಜೊತೆಗಿದ್ದ ಗೆಳೆಯ ಅದು ತಿಂಗಳ ಹೆಸರೆಂದುಕೊಂಡು ಉಳಿದ ತುಂಡುಗಳಿಗೆ ಕೈಗೆ ಸಿಕ್ಕ ತುದಿಯಲ್ಲಿ "ಮೇ" ಬರೆದಿದ್ದ.

ಪ್ರೊಫೆಸರರಿಗೆ ನೀವೇ ಹೇಳಿಬಿಡಿ ಎಂದು ಚಾಚಾರನ್ನು ಅಂಗಲಾಚಿದೆ. ಅವರು ಡಬ್ಬಿ ಮುಚ್ಚುತ್ತ ಅಂದರು: "ನೀನೇ ಹೋಗಿ ಹೇಳು. ಬೇರೆಯವರು ಹೇಳೋಕ್ ಮುಂಚೆ ಹೇಳ್ಬಿಡ್ಬೇಕು. ಆಮೇಲೆ ಹೇಳೋಕಾಗಲ್ಲ."

ಹೋಗಿ ಹೇಳಿದೆ. ಬೈಸಿಕೊಂಡೆ. ಅಧ್ಯಾಯವನ್ನು ಹೊಸದಾಗಿ ಬರೆದೆ. ನನಗೆ ಡಾಕ್ಟರೇಟ್ ತಂದುಕೊಟ್ಟದ್ದು ಅದೇ ಅಧ್ಯಾಯ.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಪ್ರೊಫೆಸರರ ಹೆಸರಿದೆ, "ಮೇ" ಬರೆದ ಗೆಳೆಯನ ಹೆಸರೂ ಇದೆ. ಚಾಚಾರ ಹೆಸರಿಲ್ಲ. "ಪ್ರಯೋಗಾಲಯದ ಸಿಬ್ಬಂದಿಗೆ" ಎಂದಷ್ಟೇ ಬರೆದೆ. ಹಲ್ಲಿನಿಂದ ತಪ್ಪು ಹಿಡಿದರು ಎಂದು ಬರೆದರೆ ಪರೀಕ್ಷಕರು ನಕ್ಕಾರು ಎಂಬ ಅಂಜಿಕೆ ನನಗೆ. ಅವರಿಗೆ ಒಂದು ಪ್ರತಿ ಕೊಟ್ಟಾಗ ಆ ಪುಟವನ್ನು ತೆರೆದು, ಬೆರಳಿಟ್ಟು ಓದಿದರು. ಚೆನ್ನಾಗಿದೆ ಬೇಟಾ ಎಂದರು. ಹೋಗಿ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ.

ಹೋದ ವರ್ಷ ಅವರು ತೀರಿಕೊಂಡರು. ಖಬರಸ್ತಾನದಲ್ಲಿ ಅವರ ಮಗ ನನ್ನನ್ನೂ ಕರೆದು, ಮೂರು ಹಿಡಿ ಮಣ್ಣು ಹಾಕಿ ಎಂದ. ಹಾಕಿದೆ. ತಪ್ಪಾಯಿತು ಚಾಚಾ ಎಂದು ಆಗ ಹೇಳಿದೆ.