ಎದುರು ಮನೆಯವರ ಅಂಚೆ ಮತ

ಮೊನ್ನೆ ಸಿಂಗಪುರದ ಬೂನ್ ಲೇ ಕಡೆಗೆ ಹೊರಟಿದ್ದ ಎಂಆರ್‌ಟಿ ರೈಲಿನಲ್ಲಿ ಪಕ್ಕದ ಹೆಂಗಸೊಬ್ಬರು ಪುಟ್ಟ ಸೀಸೆ ತೆರೆದು ಬೆರಳ ಗೆಣ್ಣುಗಳಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಬೋಗಿಯ ತಣ್ಣನೆಯ ಗಾಳಿಯಲ್ಲಿ ಆ ವಾಸನೆ ಮೆಲ್ಲಗೆ ಹರಡಿತು. ಕಿಟಕಿಯಾಚೆ ಕಟ್ಟಡಗಳು ಒಂದೊಂದಾಗಿ ತೇಲಿಹೋಗುತ್ತಿದ್ದವು... ನಾನು ಇಳಿಯಬೇಕಾದ ನಿಲ್ದಾಣ ದಾಟಿದ್ದು ತಿಳಿಯಲೇ ಇಲ್ಲ.

ಎದುರು ಮನೆಯ ಮೇಡಂ ಅವರ ಕೈಗಳಿಗೂ ಇದೇ ವಾಸನೆಯಿತ್ತು. ಮೂಲತಃ ಮೈಸೂರಿನವರು, ಅಮೆರಿಕದಲ್ಲಿ ಬಹುಕಾಲ ಸಂಖ್ಯಾಶಾಸ್ತ್ರ ಕಲಿಸಿ, ಅಲ್ಲಿಯ ಪ್ರಜೆಯಾಗಿ, ಆಮೇಲೆ ಸಿಂಗಪುರಕ್ಕೆ ಪಾಠ ಮಾಡಲು ಬಂದು ಇಲ್ಲಿಯೇ ಉಳಿದವರು. ನಾನು ಜುರಾಂಗ್ ಐಲ್ಯಾಂಡಿನ ರಿಫೈನರಿಯೊಂದರಲ್ಲಿ ದುಡಿದು ನಿವೃತ್ತನಾದವನು. ಸಂಜೆಯ ಹೊತ್ತು ನಮ್ಮ ಕಟ್ಟಡದ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಜಾಗದಲ್ಲಿ ಐದಾರು ಮಂದಿ ಕನ್ನಡಿಗರು ಸೇರುತ್ತಿದ್ದೆವು.

ಅದು ಅಮೆರಿಕದ ಅಧ್ಯಕ್ಷರ ಚುನಾವಣೆಯ ವರ್ಷ. ಇಡೀ ದೇಶದಲ್ಲಿ ಹೆಚ್ಚು ಮತ ಪಡೆದವರೇ ಅಧ್ಯಕ್ಷರಾಗುತ್ತಾರೆಂದು ನಾನು ಖಚಿತವಾಗಿ ನುಡಿದೆ. ಮೇಡಂ ತಲೆಯೆತ್ತಿದರು.

"ರಿಫೈನರಿಯಲ್ಲಿ ವಾಲ್ವ್ ತಿರುಗಿಸೋಕೆ ಮುಂಚೆ ಮ್ಯಾನ್ಯುಯಲ್ ಓದ್ತಿದ್ರಿ ತಾನೇ ಸರ್? ಇದಕ್ಕೂ ಸ್ವಲ್ಪ ಓದ್ಕೊಂಡು ಬನ್ನಿ."

ನಾಲ್ವರು ನಕ್ಕರು. ಯಾರು ಯಾರೆಂದು ಇಂದಿಗೂ ಹೇಳಬಲ್ಲೆ.

ಬಳಿಕ ಅವರು ಅಲ್ಲಿದ್ದ ಕಲ್ಲಿನ ಮೇಜಿನ ಚದುರಂಗದ ಮನೆಗಳ ಮೇಲೆ ಬೆರಳಾಡಿಸುತ್ತ ವಿವರಿಸಿದರು. ಒಂದೊಂದು ಮನೆಯೂ ಒಂದೊಂದು ರಾಜ್ಯ, ಒಂದೊಂದಕ್ಕೂ ಬೇರೆ ಬೇರೆ ತೂಕ. ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆದವರೇ ಅಧ್ಯಕ್ಷರು. ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ ಒಂದೇ ಮತದ ಅಂತರದಿಂದ ಗೆದ್ದರೂ ಆ ರಾಜ್ಯದ ಪೂರ್ತಿ ತೂಕ ಗೆದ್ದವರಿಗೆ. ಪ್ರಚಾರದ ಅಬ್ಬರವೆಲ್ಲ ಅತ್ತಲೋ ಇತ್ತಲೋ ಎಂದು ತೂಗಾಡುವ ಕೆಲವೇ ರಾಜ್ಯಗಳಲ್ಲಿ. ಬಹುಪಾಲು ಜನ ಪಕ್ಷ ಬದಲಿಸುವುದಿಲ್ಲ. ಅವರು ಮನೆಯಿಂದ ಹೊರಟು ಬರುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆ. ಮೇಡಂ ಅಮೆರಿಕದಲ್ಲಿ ನೆಲೆಸಿದ್ದ, ಈಗಲೂ ಮತವಿದ್ದ ರಾಜ್ಯವಂತೂ ಎಂದಿಗೂ ಒಂದೇ ಪಕ್ಷದ್ದು. ಅಲ್ಲಿಗೆ ಮತ ಕೇಳಲು ಯಾರೂ ಬರುವುದೂ ಇಲ್ಲವಂತೆ. ಅವರ ದನಿ ಬಹಳ ದೂರದಿಂದ ಬರುತ್ತಿರುವಂತೆ ಕೇಳುತ್ತಿತ್ತು... ಸೊಗಸಾಗಿ ಹೇಳಿದರು, ಒಪ್ಪುತ್ತೇನೆ.

"ಹಾಗಿದ್ರೆ ನೀವ್ಯಾಕೆ ವೋಟ್ ಹಾಕ್ತೀರಿ ಮೇಡಂ?" ಎಂದೆ, ಚುಚ್ಚಬೇಕೆಂದೇ.

"ಇಂಡಿಯನ್ ಪಾಸ್‌ಪೋರ್ಟ್ ವಾಪಸ್ ಕೊಟ್ಟಾಯ್ತು. ಮೈಸೂರಲ್ಲಿ ನಂಗೆ ವೋಟಿಲ್ಲ, ಇಲ್ಲೂ ಇಲ್ಲ. ಇದೊಂದನ್ನೂ ಬಿಟ್ರೆ ಯಾವೂರವಳು ಅಂತ ಹೇಳ್ಕೊಳ್ಳಲಿ ಸರ್?"

ಕೆಲವು ವಾರಗಳ ಬಳಿಕ ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಅಂಚೆ ಮತದ ಲಕೋಟೆ. ಅವರ ರಾಜ್ಯದ ನಿಯಮದಂತೆ ಅದರ ಮೇಲೆ ಸಾಕ್ಷಿಯೊಬ್ಬರು ಸಹಿ ಮಾಡಿ ತಮ್ಮ ಪೂರ್ಣ ವಿಳಾಸ ಬರೆಯಬೇಕಿತ್ತು.

"ಸಾಕ್ಷಿ ಯಾವ ದೇಶದವರಾದ್ರೂ ನಡೆಯುತ್ತೆ. ನಿಮ್ಮಷ್ಟು ನೀಟಾಗಿ ಫಾರಂ ತುಂಬೋರು ಈ ಬ್ಲಾಕಲ್ಲೇ ಇಲ್ಲ."

"ಮ್ಯಾನ್ಯುಯಲ್ ಓದದವನ ಸಹಿ ನಿಮಗ್ಯಾಕೆ ಮೇಡಂ? ಓದಿದವರ ಹತ್ರ ಹಾಕಿಸ್ಕೊಳ್ಳಿ."

ಅವರು ಲಕೋಟೆಯನ್ನು ಎದೆಗೊತ್ತಿಕೊಂಡು ಲಿಫ್ಟಿನತ್ತ ನಡೆದರು. ಆ ಉದ್ದನೆಯ ಕಾರಿಡಾರಿನಲ್ಲಿ ಅವರ ಬೆನ್ನು ಈಗಲೂ ನಡೆಯುತ್ತಲೇ ಇದೆ...

ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಅವರಿಗೆ ನಿತ್ಯ ಕಾಫಿ ಕೊಡುತ್ತಿದ್ದ ಚೀನೀ ಮುದುಕರು ಸಂತೋಷದಿಂದ ಸಹಿ ಮಾಡಿದರಂತೆ. ವಿಳಾಸ ಕೇಳಿದ್ದಕ್ಕೆ ಬ್ಲಾಕ್ ನಂಬರು, ಮನೆ ನಂಬರು ಬರೆದು, "ಇನಫ್ ಲಾ ಆಂಟಿ", ಅಂದರೆ ಸಾಕು ಬಿಡಿ, ಎಂದರಂತೆ. ರಸ್ತೆಯಿಲ್ಲ, ಊರಿಲ್ಲ. ಇಲ್ಲಿ ಅಷ್ಟು ಹೇಳಿದರೆ ಯಾರಾದರೂ ಮನೆ ಹುಡುಕಿಕೊಂಡು ಬರುತ್ತಾರೆ. ಅಲ್ಲಿಯ ಚುನಾವಣಾ ಕಚೇರಿಗೆ ಸಾಲಲಿಲ್ಲ. ಸಾಕ್ಷಿಯ ವಿಳಾಸ ಅಪೂರ್ಣವೆಂದು ಮತ ತಿರಸ್ಕೃತವಾಯಿತು. ಸರಿಪಡಿಸಿ ಕಳುಹಿಸುವಷ್ಟು ದಿನಗಳೂ ಉಳಿದಿರಲಿಲ್ಲ. ನಾನಾಗಿದ್ದರೆ ಪಿನ್ ಕೋಡ್‌ವರೆಗೂ ಬರೆಯುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಮೊದಲು ನನ್ನ ಬಾಗಿಲಿಗೆ ಬಂದಿದ್ದರು.

ಮತ ತಿರಸ್ಕರಿಸಿ ಅಲ್ಲಿಂದ ಬಂದ ಸಂದೇಶವನ್ನು ಅವರು ಫೋನಿನಲ್ಲಿ ನನಗೆ ತೋರಿಸಿದರು. ದೂರಲಿಲ್ಲ.

"ಏನೂ ಡಿಫರೆನ್ಸ್ ಆಗ್ತಿರಲಿಲ್ಲ ಬಿಡಿ. ನಾನು ಸ್ಟಾಟಿಸ್ಟಿಕ್ಸ್ ಪಾಠ ಮಾಡಿದವಳು," ಎಂದರು. ಫೋನನ್ನು ಚೀಲದೊಳಗಿಟ್ಟು, ಮತ್ತೆ ಹೊರತೆಗೆದು, ಮತ್ತೆ ಒಳಗಿಟ್ಟರು. "ಮುಂದಿನ ಸಲ ಸಹಿ ಹಾಕ್ತೀರಾ ಸರ್?"

"ನೋಡೋಣ," ಎಂದೆ. ಹೂಂ ಎನ್ನಬಹುದಿತ್ತು. ನಾಲ್ವರ ನಗು ಇನ್ನೂ ನನ್ನ ಕಿವಿಯಲ್ಲಿತ್ತು.

ಕಳೆದ ವರ್ಷ ಅವರು ತೀರಿಕೊಂಡರು. ಎದುರು ಮನೆಗೆ ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ದಂಪತಿ ಬಂದಿದ್ದಾರೆ. ಒಳ್ಳೆಯವರು, ಚುನಾವಣೆಯ ಗೊಡವೆ ಅವರಿಗಿಲ್ಲ.

ಇಂದು ಬೆಳಿಗ್ಗೆ ಟಿವಿಯಲ್ಲಿ ಮತ್ತೆ ಅಮೆರಿಕದ ನಕ್ಷೆ. ತೂಗಾಡುವ ರಾಜ್ಯಗಳು ಬಿಳಿಯಾಗಿಯೇ ಕಾಯುತ್ತಿದ್ದವು. ಮೇಡಂ ಅವರ ರಾಜ್ಯಕ್ಕೆ ಮಾತ್ರ ಮತದಾನ ಮುಗಿದ ನಿಮಿಷಕ್ಕೇ ಗೆದ್ದ ಪಕ್ಷದ ಬಣ್ಣ ಬಳಿದರು. ಹೆಸರನ್ನೂ ಸರಿಯಾಗಿ ಉಚ್ಚರಿಸದೆ ಮುಂದಕ್ಕೆ ಹೋದರು. ನಾನು ಆ ಪುಟ್ಟ ಬಣ್ಣದ ತುಂಡನ್ನೇ ನೋಡುತ್ತ ಕುಳಿತೆ. ಕಳೆದ ಸಲ ಅದರೊಳಗೆ ಅವರಿರಲಿಲ್ಲ, ನನ್ನಿಂದಾಗಿ. ಈ ಸಲ ಅವರೇ ಇಲ್ಲ.