ಗಂಟಿನಲ್ಲಿ ಏನಿದೆ ಎಂದು ಕೇಳಿದ್ದಕ್ಕೆ

ಓದುಗ ಬಂಧುಗಳಿಗೆ ಶರಣು. ತಪ್ಪಿದ್ದರೆ ಮಾಫಿ ಮಾಡಿ. ಇಪ್ಪತ್ತಾರನೇ ವಯಸ್ಸಿಗೆ ಕನ್ನಡ ಅಕ್ಷರ ಕಲಿತವನು ನಾನು. ನಿಜಾಮರ ಕಾಲದಲ್ಲಿ ಉರ್ದು ಎರಡನೇ ಜಮಾತು ಓದಿದ್ದೆ, ಅಲ್ಲಿಗೇ ನಿಂತಿತು. ಈಗ ಶಹಾಪುರದ ಒಂದು ಹತ್ತಿ ಅಡತ್ ಅಂಗಡಿಯಲ್ಲಿ ಗುಮಾಸ್ತ. ಹೊಸ ರಾಜ್ಯಕ್ಕೆ ಕನ್ನಡದಲ್ಲೇ ಅರ್ಜಿ ಹೋಗಬೇಕೆಂದು ನಮ್ಮ ಸಾಹುಕಾರರು ಒಂದು ಟೈಪ್ ಮಷೀನು ತರಿಸಿದ್ದಾರೆ. ಊಟದ ಬಿಡುವಿನಲ್ಲಿ ಅದರ ಮುಂದೆ ಕುಳಿತು ಒಂದೇ ಬೆರಳಿನಿಂದ ಈ ಅಂಕಣ ಕುಟ್ಟುತ್ತೇನೆ. ಒತ್ತಕ್ಷರ ಎಲ್ಲೋ, ನನ್ನ ಬೆರಳು ಎಲ್ಲೋ!

ಅಂಥ ತಪ್ಪು ಎಷ್ಟಿದ್ದರೂ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಮೂರು ವಾರದ ಹಿಂದೆ ಇದೇ ಜಾಗದಲ್ಲಿ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮಾತ್ರ ಮಾಫಿ ಮಾಡಬೇಡಿ.

ಅವತ್ತು ಹೀಗೆ ಬರೆದಿದ್ದೆ: “ಕೃಷ್ಣಾ ದಂಡೆಯಲ್ಲಿ ಗಾಂಜಾದ ಅಮಲು ಏರಿದವರು ಕುಡಗೋಲು ಹಿಡಿದು ಬಡಿದಾಡಿಕೊಂಡರು. ಸೇದುವ ಚಟವೇ ಈ ರಕ್ತಪಾತಕ್ಕೆ ಕಾರಣ.” ಚೆಂದದ ಸಾಲು ಅನ್ನಿಸಿತ್ತು. (ರಕ್ತಪಾತ ಎಂಬ ಒಂದು ಶಬ್ದಕ್ಕೇ ಐದು ನಿಮಿಷ ಹಿಡಿದಿತ್ತು.)

ಸಾಲು ಚೆಂದ, ಆದರೆ ಸುಳ್ಳು.

ಆ ಸುದ್ದಿ ನನಗೆ ಹೇಳಿದವನು ಬಸ್ ಕಂಡಕ್ಟರ್. ದಂಡೆಯಲ್ಲಿ ಜಗಳ ಆಯ್ತಂತೆ, ಒಬ್ಬನ ಎರಡು ಬೆರಳು ಹೋದವಂತೆ, ಗಾಂಜಾ ಅಂತೆ. ಇಷ್ಟು ‘ಅಂತೆ’ ಸಾಕಾಯಿತು ನನಗೆ. ಯಾರ ಬೆರಳು ಎಂದು ಕೂಡ ಕೇಳಲಿಲ್ಲ. ಪೇಪರು ಬಂದ ಮೇಲೆ ಗೊತ್ತಾಯಿತು. ನನ್ನ ಅಕ್ಕ ಹುಲಿಗೆವ್ವನ ಗಂಡ ದ್ಯಾವಪ್ಪನ ಬೆರಳು. (ಮೈಸೂರು ಕಡೆಯ ಓದುಗರಿಗೆ ಹೇಳುತ್ತೇನೆ: ನಮ್ಮಲ್ಲಿ ಅಕ್ಕನ ಗಂಡನನ್ನು ಮಾಮಾ ಎನ್ನುತ್ತೇವೆ.) ದ್ಯಾವಪ್ಪ ಮಾಮ ಕೊಡೇಕಲ್ ಆಚೆಯ ಒಂದು ಹೊಳೆದಂಡೆ ಹಳ್ಳಿಯಲ್ಲಿ ಹರಗೋಲು ನಡೆಸುತ್ತಾನೆ. ಅವರಪ್ಪ ನಡೆಸಿದ್ದ, ಅಜ್ಜ ನಡೆಸಿದ್ದ.

ಹೋದ ಭಾನುವಾರ ಅಕ್ಕನ ಊರಿಗೆ ಹೋದೆ. ಬಿಸಿಲಲ್ಲಿ ಎರಡು ಹರದಾರಿ ನಡೆದು ಹೋದವನಿಗೆ ಅಕ್ಕ ನೀರು ಕೊಡಲಿಲ್ಲ. ಮಡಚಿಟ್ಟಿದ್ದ ಪೇಪರು ಕೊಟ್ಟಳು.

“ಓದು.”

“ಮೊದ್ಲ ನೀರರ ಕೊಡಕ್ಕಾ.”

“ಸಾಲಿ ಮಾಸ್ತರ ಓದಿ ಹೇಳ್ಯಾರ. ಈಗ ನಿನ್ ಬಾಯಿಂದ ಕೇಳಬೇಕಾಗ್ಯಾದ. ಓದು. ಆಮ್ಯಾಲ ನೀರು.”

ಕಟ್ಟೆಯ ಮೇಲೆ ದ್ಯಾವಪ್ಪ ಮಾಮ ಕುಳಿತಿದ್ದ. ಸುರಪುರದ ದವಾಖಾನೆಯಲ್ಲಿ ಕಟ್ಟಿದ ಪಟ್ಟಿ, ಬಲಗೈ ಎದೆಯ ಮೇಲೆ. ಪಕ್ಕದಲ್ಲಿ ಬೋನಾಳದ ಕಡೆಯ ಕುರಿಗಾರ ಬೀರಪ್ಪಜ್ಜ. ವರ್ಷಕ್ಕೊಮ್ಮೆ ಗೊಬ್ಬರಕ್ಕಾಗಿ ಅಕ್ಕನ ಹೊಲದಲ್ಲಿ ತನ್ನ ಕುರಿ ನಿಲ್ಲಿಸುತ್ತಾನೆ. ಜಗಳದ ದಿನ ತನ್ನ ರುಮಾಲು ಹರಿದು ಮಾಮನ ಕೈ ಕಟ್ಟಿದವನು ಅವನೇ.

ಓದಿದೆ. ರಕ್ತಪಾತ ಬರುವ ಹೊತ್ತಿಗೆ ನನ್ನ ದನಿ ಇಳಿದಿತ್ತು.

ಬೀರಪ್ಪಜ್ಜ ಕೆಮ್ಮಿದ. “ತಮ್ಮಾ, ಅವತ್ತ ಅಲ್ಲಿ ಸೇದಾಂವ ಅಂತ ಇದ್ದಾಂವ ನಾನೊಬ್ಬಾಂವ. ನಲವತ್ತ ವರ್ಷ ಆತು ಚಿಲುಮಿ ಹಿಡ್ದು. ಸೇದಿದ್ನೆಂದ್ರ ನನ್ ಕುರಿ ನನಗ ಎಣಸಾಕ ಬರಂಗಿಲ್ಲ. ಕುಡಗೋಲು ಎಲ್ಲಿ ಹಿಡೀಲೋ?”

“ಮತ್ತ ಕಡದವ್ರು?”

“ಅವ್ರು ಬೀಡಿ ಸುದ್ದಾ ಮುಟ್ಟಂಗಿಲ್ಲ. ಝಳಕಾ ಮಾಡಿ, ಹಣಿಗಿ ವಿಭೂತಿ ಹಚಗೊಂಡು, ಒಗದ ಧೋತರ ಉಟ್ಟು ಬಂದಿದ್ರು. ಶ್ಯಾಣ್ಯಾ ಮಂದಿ!”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. “ನೀ ಅಕ್ಷರ ಕಲ್ತಾಗ ಓಣಿಗೆಲ್ಲಾ ಪೇಢೆ ಹಂಚಿದ್ದೆ. ಈಗ ಮನಿ ಮನಿಗಿ ಹೋಗಿ ಹೊಳ್ಳಿ ಇಸಗೊಂಡ್ ಬರ್ಲೇನು?”

ಅವತ್ತು ನಡೆದದ್ದನ್ನು ಹೇಳುವ ಮೊದಲು ನಮ್ಮ ಹರಗೋಲಿನ ಒಂದು ಪದ್ಧತಿ ಹೇಳಬೇಕು. ಹರಗೋಲು ಹತ್ತಿದವನ ಗಂಟಿನಲ್ಲಿ ಏನಿದೆ ಎಂದು ಅಂಬಿಗ ಕೇಳುವಂತಿಲ್ಲ. ಪಕ್ಕದಲ್ಲಿ ಕುಳಿತವನೂ ಕೇಳುವಂತಿಲ್ಲ.

ಈ ಪದ್ಧತಿಗೆ ನಾನೂ ಋಣಿ. ನಿಜಾಮರ ಕೊನೆಯ ವರ್ಷ, ಹಾವಳಿಯ ದಿನಗಳು. ಹೊಳೆಯ ಆಚೆ ದಂಡೆ ಬಿಜಾಪುರ ಜಿಲ್ಲೆ, ಮುಂಬೈ ಸರ್ಕಾರದ್ದು. ದಾಟಿದರೆ ಜೀವ ಉಳಿಯಿತು. ಅಕ್ಕನ ಮನೆ ದಂಡೆಯಲ್ಲೇ ಇತ್ತಲ್ಲ, ನಾವೂ ಅಲ್ಲಿಗೇ ಓಡಿದೆವು. ನಮ್ಮವ್ವ ಎದೆಗೊಂದು ಗಂಟು ಅವಚಿಕೊಂಡಿದ್ದಳು. ಜತೆಗೆ ಹತ್ತಿದವನೊಬ್ಬ “ಏನದವ್ವಾ ಅದು?” ಎಂದ. ಹುಟ್ಟು ಹಾಕುತ್ತಿದ್ದ ದ್ಯಾವಪ್ಪ ಮಾಮನ ಅಪ್ಪ ಕೈ ನಿಲ್ಲಿಸಿದ. “ಹೊಳ್ಯಾಗ ಗಂಟು ಕೇಳಬಾರ್ದಪಾ. ಕೇಳಾದಿದ್ರ ಇಲ್ಲೇ ಇಳಿ” ಎಂದ. ನಡುಹೊಳೆ! ಅವನು ಬಾಯಿ ಮುಚ್ಚಿದ. ಅವ್ವನ ಗಂಟಿನಲ್ಲಿ ಮನೆದೇವರ ಬೆಳ್ಳಿ ಮುಖ ಮತ್ತು ಒಂದಿಷ್ಟು ಜೋಳದ ಹಿಟ್ಟು ಇತ್ತು.

ಹಾಗೆ ಎಷ್ಟು ಮನೆತನ ಉಳಿದವೋ. ಕೇಳದೇ ಇರುವುದು ಅಂದು ದೊಡ್ಡತನವಾಗಿತ್ತು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮರ ಆಳ್ವಿಕೆ ಹೋಯಿತು. ಈಗ ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿವೆ. ಸಕ್ಕರೆ ಹಂಚಿದೆವು, ಹೊಳೆಗೆ ಕಾಯಿ ಒಡೆದೆವು, ಇನ್ನು ಬಾರ್ಡರ್ ಇಲ್ಲ ಎಂದೆವು.

ಇಲ್ಲವೇ? ಕಾನೂನು ಯಾರಾದರೂ ಒಂದು ಮಾಡಿದರೇ? ಈ ದಂಡೆಗೆ ಇನ್ನೂ ಹೈದರಾಬಾದಿನ ಹಳೇ ಕಾನೂನು, ಗಾಂಜಾ ಮಾರಲು ಲೈಸೆನ್ಸ್ ದುಕಾನು, ಅದಕ್ಕೊಂದು ಬೋರ್ಡು. ಆ ದಂಡೆಗೆ ಮುಂಬೈ ಕಾನೂನು, ಎಲ್ಲವೂ ಬಂದ್. ಒಂದೇ ಸೊಪ್ಪು ಇಲ್ಲಿ ವ್ಯಾಪಾರ, ನಾನೂರು ಮಾರು ನೀರು ದಾಟಿದರೆ ಜೇಲು. ಹೀಗಿದ್ದಾಗ ಗಾಂಜಾ ನೀರಿಗಿಳಿಯದೆ ಇರುತ್ತದೆಯೇ? ಸಾಗಿಸುವವರಿಗೆ ಬೇಕಾದದ್ದು ಒಂದು ಹರಗೋಲು ಮತ್ತು ಏನೂ ಕೇಳದ ಅಂಬಿಗ. ಎರಡೂ ತಯಾರಿದ್ದವು. ನಮ್ಮವ್ವನನ್ನು ಉಳಿಸಿದ ಪದ್ಧತಿಯನ್ನೇ ಅವರು ಬಳಸಿಕೊಂಡರು.

ದ್ಯಾವಪ್ಪ ಮಾಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿಗೇ ಗೊತ್ತಿತ್ತು. ಕೇಳಬಾರದಲ್ಲ, ಕೇಳಲಿಲ್ಲ.

ಆದರೆ ಹೊಳೆಯ ತಪಾಸಣೆ ನಾಕಾದ ಜಮಾದಾರರು ಮಾಮನನ್ನು ಕರೆಸಿ, “ಇನ್ನೊಮ್ಮಿ ಮಾಲು ಸಿಕ್ರ ನಿನ್ ಹರಗೋಲಿಗಿ ಬೆಂಕಿ ಹಚ್ಚತೀನಿ” ಎಂದಿದ್ದರು. (ಮಾಲಿನವರನ್ನು ಕರೆಸಿ ಏನೆಂದರು? ಅದು ನನಗೆ ಗೊತ್ತಿಲ್ಲ.) ಮರುದಿನವೇ ವಿಭೂತಿಯ ಇಬ್ಬರು ಬಂದರು. ಮೂರು ಗಂಟು ಹರಗೋಲಿಗೆ ಹಾಕಿ ಕುಳಿತರು.

ಮುಂದಿನದನ್ನು ಮಾಮನೇ ಹೇಳಿದ.

“ಹುಟ್ಟು ಕೈಯಾಗ ಹಿಡಿದಿದ್ದೆ. ಹರಗೋಲು ಸುಟ್ರ ಹೆಂಗ ಅಂತ ತಲ್ಯಾಗ ಹೊಕ್ಕಿತ್ತು. ಬಾಯಿ ತಪ್ಪಿ ಕೇಳಿಬಿಟ್ಟೆ, ಏನದರಿ ಗಂಟಿನ್ಯಾಗ ಅಂತ. ಅವ್ರು ನಕ್ರು. ನಿಮ್ಮಪ್ಪ ಕೇಳಿದ್ನೇನಲೇ, ನಿಮ್ಮಜ್ಜ ಕೇಳಿದ್ನೇನಲೇ ಅಂದ್ರು. ಅಪ್ಪನ ಹೆಸರು ಎತ್ತಿದ್ರಲ್ಲ, ಸಿಟ್ಟು ಬಂತು. ಒಂದ್ ಗಂಟಿಗಿ ಕೈ ಹಾಕ್ದೆ.”

ಅಷ್ಟೇ. ಕುಡಗೋಲು ಕೈಯ ಮೇಲೆ ಬಿತ್ತು.

ಬಡಿದಾಟವಲ್ಲ, ಅಮಲಲ್ಲ. ಒಬ್ಬ ಕೇಳಿದ, ಇನ್ನೊಬ್ಬ ಕಡಿದ. ಕಡಿಯದೆ ಅವನೇನು ಮಾಡಿಯಾನು? ಗಾಂಜಾದ ಗಂಟು ಕಸಿದುಕೊಂಡರು ಎಂದು ಯಾವ ಕೋರ್ಟಿಗೆ ಹೋದಾನು? ಅಂಥ ವ್ಯಾಪಾರಕ್ಕೆ ಕುಡಗೋಲೇ ವಕೀಲ, ಕುಡಗೋಲೇ ಜಡ್ಜ್.

ಮತ್ತೆ ನನ್ನ ಸಾಲು ಯಾರಿಗೆ ಉಪಯೋಗವಾಯಿತು? ಕೇಳಿ. ಜಮಾದಾರರು ರಿಪೋರ್ಟು ಬರೆದರು: ಅಂಬಿಗನೇ ಅಮಲಿನಲ್ಲಿದ್ದ, ಅವನೇ ಜಗಳ ತೆಗೆದ, ಹರಗೋಲಿನ ಪರ್ಮಿಟ್ ರದ್ದು ಮಾಡಬೇಕು. ಅದಕ್ಕೆ ಸಾಕ್ಷಿ ಎಂದು ನನ್ನ ಅಂಕಣವನ್ನು ಕತ್ತರಿಸಿ ಫೈಲಿಗೆ ಅಂಟಿಸಿದರು. “ನಿನ್ ಹೆಂಡ್ತಿ ತಮ್ಮನೇ ಬರ್ದಾನಲ್ಲೋ” ಎಂದು ಮಾಮನಿಗೆ ತೋರಿಸಿಯೂ ಕಳಿಸಿದರು. ಪರ್ಮಿಟ್ ಹೋದರೆ ಮೂರು ತಲೆಮಾರಿನ ಹರಗೋಲು ಘಾಟು ಹೋಗುತ್ತದೆ. ಅದಕ್ಕೆ ಆಗಲೇ ಅರ್ಜಿ ಹಾಕಿ ಕುಳಿತಿರುವವರು ಗಾಂಜಾ ದುಕಾನಿನ ಗುತ್ತೇದಾರರ ಖಾಸ ತಮ್ಮ.

ಅಕ್ಕ ಕೊನೆಗೆ ನೀರು ಕೊಟ್ಟಳು.

ಸೋಮವಾರ ಬೆಳಿಗ್ಗೆ ಮಾಮನನ್ನು ಕರೆದುಕೊಂಡು ಕಚೇರಿಗೆ ಹೋದೆ. (ಯಾವ ಕಚೇರಿ ಎಂದು ಬರೆಯುವುದಿಲ್ಲ. ಪರ್ಮಿಟ್ ಇನ್ನೂ ಅವರ ಕೈಯಲ್ಲಿದೆ.) ಸಾಹೇಬರ ಫೈಲು ನೋಡಿಕೊಳ್ಳುವ ಪೇಷ್ಕಾರರು ನಮ್ಮದನ್ನು ತೆಗೆದು, ಅಂಟಿಸಿದ ಪೇಪರ್ ತುಂಡಿನ ಮೇಲೆ ಬೆರಳಿಟ್ಟರು.

“ಬರ್ದಾವ್ರು ನೀವೇ ಏನ್ರಿ? ಚಲೋ ಬರ್ದೀರಿ. ಸಾಹೇಬ್ರೂ ಮೆಚ್ಯಾರ.”

“ಸುಳ್ಳು ಬರ್ದೀನ್ರಿ.”

“ಏನಂದ್ರಿ?”

“ನೋಡಿಲ್ಲ, ಕೇಳಿಲ್ಲ, ಬಸ್ಸಿನ್ಯಾಗಿನ ಮಾತು ಬರ್ದೀನ್ರಿ. ಅದನ್ನ ಕಿತ್ತು ಹಾಕ್ರಿ.”

ಪೇಷ್ಕಾರರು ಚಾಳೀಸು ತೆಗೆದು ಒರೆಸಿಕೊಂಡರು. “ಅಚ್ಚಾದದ್ದು ಅಚ್ಚಾತು. ಬಾಯಿಮಾತಿಗಿ ಫೈಲಿನ್ಯಾಗ ಜಾಗಾ ಇಲ್ರಿ.”

“ಹಂಗಾದ್ರ ಸುಳ್ಳಂತನೂ ಅಚ್ಚ ಮಾಡಸ್ತೀನಿ.”

“ಮಾಡಸ್ರಿ” ಎಂದು ನಕ್ಕರು. “ಮುಂದಿನ ಸೋಮವಾರ ಸಾಹೇಬ್ರ ಮುಂದ ಪೇಶಿ ಅದ. ತರ್ರಿ, ಅಂಟಸೋಣು.”

ಹೊರಗೆ ಬೆಂಚಿನ ಮೇಲೆ ಜಮಾದಾರರು ಕುಳಿತಿದ್ದರು. ನನ್ನನ್ನು ನೋಡಿದರು, ಮಾಮನ ಪಟ್ಟಿ ನೋಡಿದರು. “ಬರಿಯಾವ್ರಿಗೂ ಬೆರಳು ಬೇಕಾಗ್ತಾವ್ ನೋಡ್ರಿ” ಎಂದರು. ಮೆತ್ತಗೆ, ಎಲೆ ಅಡಿಕೆ ಅಗಿಯುತ್ತ.

ಜಮಾದಾರ ಸಾಹೇಬರೇ, ನಾನು ಒಂದೇ ಬೆರಳಿನಿಂದ ಬರೆಯುವವನು. ಇನ್ನೂ ಒಂಬತ್ತು ಉಳಿದಿವೆ.

ಸೇದುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬೀರಪ್ಪಜ್ಜನ ಕೆಮ್ಮು ಕೇಳಿದರೆ ಸಾಕು, ಚಿಲುಮೆಯ ಆಸೆ ಹೋಗುತ್ತದೆ. ಆದರೆ ‘ಚಟ’ ಎಂದು ಬರೆದುಬಿಟ್ಟರೆ ಎಷ್ಟು ಸುಲಭ ನೋಡಿ! ಸಂಪಾದಕರು ಕಣ್ಣು ಮುಚ್ಚಿ ಹಾಕುತ್ತಾರೆ, ಕಚೇರಿಯವರು ಮೆಚ್ಚುತ್ತಾರೆ, ದುಕಾನಿನವರೂ ತಲೆದೂಗುತ್ತಾರೆ. ತಪ್ಪೆಲ್ಲ ಕುರಿ ಕಾಯುವ ಮುದುಕನದು, ಹುಟ್ಟು ಹಾಕುವ ಅಂಬಿಗನದು. ಹೊಳೆಯ ಎರಡು ದಂಡೆಗೆ ಎರಡು ಕಾನೂನು ಇಟ್ಟವರನ್ನು, ಹಗಲು ಬೋರ್ಡು ಹಾಕಿ ಹಿಂಬಾಗಿಲಿನಿಂದ ಗಂಟು ಕಟ್ಟಿಕೊಡುವವರನ್ನು, ನಾಕಾದಲ್ಲಿ ಕುಳಿತು ಗಂಟು ಕಾಣದವರನ್ನು ಯಾರೂ ಕೇಳಬೇಕಾಗಿಲ್ಲ.

ಕೇಳದವರಲ್ಲಿ ನಾವೂ ಇದ್ದೇವೆ. ಅದನ್ನೂ ಬರೆಯುತ್ತೇನೆ. ನಮ್ಮವ್ವನ ಗಂಟಿಗೂ ಇವರ ಗಂಟಿಗೂ ಫರಕು ಗೊತ್ತಿದ್ದೂ, ಪದ್ಧತಿ ಪದ್ಧತಿ ಎಂದು ಹತ್ತು ಹಳ್ಳಿಯವರು ಬಾಯಿ ಮುಚ್ಚಿಕೊಂಡು ದಾಟಿದ್ದೇವೆ.

ಕಚೇರಿಯಿಂದ ತಿರುಗಿ ಹೋದಾಗ ದಂಡೆಯಲ್ಲಿ ಗದ್ದಲ. ಯಾರು ಹುಟ್ಟು ಹಿಡಿದವರು? ನಮ್ಮಕ್ಕ! ಸೀರೆಯ ಕಚ್ಚೆ ಬಿಗಿದು ಹರಗೋಲಿನ ಬಾಯಿಗೆ ನಿಂತಿದ್ದಳು. “ಗಂಟು ಬಿಚ್ಚಿ ತೋರ್ಸಿ ಹತ್ರಿ. ಇಲ್ಲಂದ್ರ ಈಸಿ ಹೋಗ್ರಿ.”

“ಇದೆಂಥಾ ಹೊಸಾ ರಿವಾಜವಾ ಹುಲಿಗೆವ್ವಾ?” ಎಂದು ಹಿರಿಯರೊಬ್ಬರು ಕೆರಳಿದರು. “ನಿಮ್ ಮಾವ ಇದ್ದಿದ್ರ ಹಿಂಗ ಕೇಳ್ತಿದ್ನೇನು?”

“ನಮ್ ಮಾವನ ಕಾಲಕ್ಕ ಹತ್ತೂ ಬೆರಳು ಇದ್ವು ಕಾಕಾ. ಬಿಚ್ಚ್ರಿ.”

ಬಿಚ್ಚಿದರು. ಅರ್ಧ ಸೇರು ಜಿಲೇಬಿ. ಸೊಸೆಗೆ ಕಾಣದಂತೆ ಒಯ್ಯುತ್ತಿದ್ದರಂತೆ! ಹರಗೋಲಿನ ತುಂಬ ನಗು. ಅಕ್ಕನೂ ಅವತ್ತು ಮೊದಲ ಸಲ ನಕ್ಕಳು. ಹರಗೋಲು ಹೊರಟಿತು. ಕೈಗೆ ಪಟ್ಟಿ ಕಟ್ಟಿಕೊಂಡ ಮಾಮ ನಡುವೆ ಕುಳಿತು ಕೂಗುತ್ತಿದ್ದ: “ಎಡಕ್ಕ ಹಾಕು, ಎಡಕ್ಕ! ಎಡಕ್ಕಂದ್ರ ಇಕಿ ಬಲಕ್ಕೇ ಹಾಕ್ತಾಳ್ರೀ.”

ಓದುಗರೇ, ನೀವು ಕೃಷ್ಣಾ ದಂಡೆಯವರಿರಬಹುದು, ಭೀಮಾ ದಂಡೆಯವರಿರಬಹುದು. ಗುರುಮಿಠಕಲ್ ಆಚೆ ಈಗ ರಾಜ್ಯದ ಹೊಸ ಗೆರೆ ಎಳೆದಿದ್ದಾರೆ, ಅಲ್ಲಿಯವರಿರಬಹುದು. ನಿಮ್ಮೂರಲ್ಲಿ ಯಾರೂ ಕೇಳದ ಗಂಟು ಯಾವುದು? ಕೇಳಿದವನಿಗೆ ಏನಾಯಿತು? ಈ ಪೇಪರಿನ ವಿಳಾಸಕ್ಕೆ ಬರೆದು ಹಾಕಿ. ಹೆಸರು ಬೇಡವಾದರೆ ಬಿಡಿ. ಅಕ್ಷರ ತಪ್ಪಿದರೆ ಅಂಜಬೇಡಿ, ನನಗಿಂತ ದೊಡ್ಡ ತಪ್ಪು ನಿಮ್ಮಿಂದ ಆಗಲಾರದು.

ಸೋಮವಾರ ಈ ಪೇಪರು ಹಿಡಿದು ನಾನೂ ಮಾಮನೂ ಪೇಶಿಗೆ ಹೋಗುತ್ತೇವೆ. ಜಮಾದಾರರ ರಿಪೋರ್ಟನ್ನು ಪೇಷ್ಕಾರರು ಅವತ್ತೇ ಓದಿ ಹೇಳಿದ್ದಾರೆ. ಅದರಲ್ಲಿ ಅಂಬಿಗನಿದ್ದಾನೆ, ಕುಡಗೋಲಿದೆ, ಎರಡು ಬೆರಳಿವೆ, ನನ್ನ ಅಂಕಣವೂ ಇದೆ.

ಮೂರು ಗಂಟು ಎಲ್ಲಿ ಹೋದವು, ಸಾಹೇಬರೇ?